ಅಜ್ಜ ಕ್ಲಚ್ಚು ಕೂಡಿಸಿದ ಗಾಡಿ

ನಿಮ್ಮ ಅಜ್ಜನ ಎಡಗಾಲಿಗೆ ಇನ್ನು ಮೊದಲಿನ ಬಲ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದು ಅವರಿಗಲ್ಲ. ನನಗೆ ಮತ್ತು ನಿಮ್ಮ ಅವ್ವನಿಗೆ. ಬೆನ್ನಿನ ಆಪರೇಷನ್ ಆದ ಒಂಬತ್ತನೆಯ ದಿನ ನಮ್ಮಿಬ್ಬರನ್ನೂ ವಾರ್ಡಿನ ಹೊರಗೆ ಕರೆದು ಹೇಳಿದರು. ನರ ಬಹಳ ವರ್ಷ ಒತ್ತಿಕೊಂಡಿದ್ದು ಒಣಗಿಹೋಗಿದೆ, ನೋವು ಹೋಗುತ್ತದೆ, ಕೋಲು ಹಿಡಿದು ನಡೆಯುತ್ತಾರೆ, ಆದರೆ ಆ ಕಾಲಿನಿಂದ ಏನನ್ನೂ ಗಟ್ಟಿಯಾಗಿ ಒತ್ತಲು ಆಗುವುದಿಲ್ಲ ಎಂದರು. ನೀವು ಮನೆಯವರೇ ಸಾವಕಾಶವಾಗಿ ತಿಳಿಸಿರಿ ಎಂದು ಹೇಳಿ ಮುಂದಿನ ರೋಗಿಯ ಕಡೆಗೆ ಹೋದರು.

ನಿಮ್ಮ ಅವ್ವ ಕಣ್ಣು ಒರೆಸಿಕೊಂಡು, "ಅವ್ವಾ, ನೀನಽ ಹೇಳು. ನಾ ಹೇಳಿದ್ರ ಅಪ್ಪ ನಗಚಾಟಿಕಿ ಮಾಡಿ ಹಾರಿಸಿಬಿಡ್ತಾನ. ನಿನ್ನ ಮಾತಾದ್ರ ಕೇಳ್ತಾನ" ಅಂದಳು. ನಾನು ಹೂಂ ಅಂದೆ.

ಒಳಗೆ ಹೋದರೆ ನಿಮ್ಮ ಅಜ್ಜ ಚಾದರ ಸರಿಸಿ ತಮ್ಮ ಪಾದವನ್ನೇ ನೋಡುತ್ತಾ ಮಲಗಿದ್ದರು. "ಇಲ್ಲಿ ಬಾ, ಬಾ. ಹೆಬ್ಬೆರಳ ನೋಡು. ಅಲುಗಾಡಿತಲ್ಲ?"

ನಾನು ನೋಡಿದೆ. ಬೆರಳು ಅಲುಗಾಡಿರಲಿಲ್ಲ.

"ಹೌದ್ರಿ, ಅಲುಗಾಡಿತು" ಅಂದೆ.

ನಾನು ಸುಳ್ಳ ಎಂಬ ನಮ್ಮೂರಿನ ಸಾಲಿಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು. ಮಾಸ್ತರರು ಎಬ್ಬಿಸಿ ಕೇಳಿದರೆ ಗೊತ್ತಿದ್ದ ಉತ್ತರವೂ ನನ್ನ ಗಂಟಲಲ್ಲಿ ನಿಂತುಬಿಡುತ್ತಿತ್ತು. ಮದುವೆಯಾದ ಮೇಲೂ ಹಾಗೆಯೇ. ನಿಮ್ಮ ಅಜ್ಜ ಮಾತಾಡುತ್ತಿದ್ದರು, ನಾನು ಹೂಂ ಅನ್ನುತ್ತಿದ್ದೆ. ಆ ಹೂಂ ಅವರಿಗೂ ರೂಢಿಯಾಗಿತ್ತು. ಅದಕ್ಕೇ ಅಂದು ಅವರಿಗೆ ಸಂಶಯ ಬರಲಿಲ್ಲ.

ಅವರು ಮೂವತ್ತೆರಡು ವರ್ಷ ಸರಕಾರಿ ಬಸ್ಸಿನ ಡಿಪೊದಲ್ಲಿ ಗೇರ್ ಬಾಕ್ಸ್ ಬಿಚ್ಚಿ ಕೂಡಿಸುವ ಕೆಲಸ ಮಾಡಿದರು. ಬಸ್ಸಿನ ಗೇರ್ ಬಾಕ್ಸ್ ಎಂದರೆ ಮೂರು ಜನ ಎತ್ತುವಂಥದ್ದು. ಇವರು ಹುರುಪಿನಲ್ಲಿ ಇಬ್ಬರೇ ಎತ್ತುತ್ತಿದ್ದರು. ಬೆನ್ನು ಹೋದದ್ದು ಹಾಗೆ. ನಿವೃತ್ತಿಯಾದ ವರ್ಷವೇ ಆಪರೇಷನ್ ಆಯಿತು.

ಆಸ್ಪತ್ರೆಯಿಂದ ಬಂದು ಆರು ತಿಂಗಳಿಗೆ ನಿಮ್ಮ ಅಪ್ಪ ಅವ್ವ ಸೇರಿ ಒಂದು ಹಳೆಯ ಬಿಳಿ ಕಾರು ತಂದು ನಮ್ಮ ನವನಗರದ ಮನೆಯ ಮುಂದೆ ನಿಲ್ಲಿಸಿದರು. ಅದು ಆಟೊಮ್ಯಾಟಿಕ್. ಕ್ಲಚ್ಚಿಲ್ಲ, ಗೇರು ತಾನೇ ಬದಲಾಗುತ್ತದೆ, ಬ್ರೇಕು ಮತ್ತು ಎಕ್ಸಿಲರೇಟರ್ ಎರಡಕ್ಕೂ ಬಲಗಾಲೊಂದೇ ಸಾಕು. ನಿಮ್ಮ ಅಜ್ಜ ಸುತ್ತಲೂ ತಿರುಗಿ ನೋಡಿ, "ಇದು ಗಾಡಿ ಅಲ್ಲ, ಜೋಕಾಲಿ. ಕುಂಡ್ರೂದು, ತೂಗಿಸಿಕೊಳ್ಳೂದು" ಎಂದು ಮೂಗು ಮುರಿದರು. ಆದರೆ ಮರುದಿನ ಬೆಳಿಗ್ಗೆ ಏಳಕ್ಕೇ ಕೀಲಿಕೈ ಹಿಡಿದು ಹೊರಟರು. ಎಂಟು ತಿಂಗಳು ಅದನ್ನು ಬಿಟ್ಟು ಇಳಿಯಲಿಲ್ಲ. ಧಾರವಾಡಕ್ಕೆ ಹೋಗಿ ಮಾರ್ಕೆಟ್ಟಿನಿಂದ ಬದನೆಕಾಯಿ ತರುವರು. ಹೆಬ್ಬಳ್ಳಿಯಲ್ಲಿ ಅವರ ಅಕ್ಕ ಇದ್ದರು, ವಾರಕ್ಕೊಮ್ಮೆ ಒಬ್ಬರೇ ಹೋಗಿ ಮಾತಾಡಿಸಿ ಬರುವರು. ಕೋಲನ್ನು ಹಿಂದಿನ ಸೀಟಿಗೆ ಎಸೆದು ಕೂತರೆಂದರೆ ಅವರು ಕಾಲಿನ ಬಲ ಹೋದ ಮನುಷ್ಯ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರಿಗೂ ಗೊತ್ತಾಗುತ್ತಿರಲಿಲ್ಲ ಎಂದು ಕಾಣುತ್ತದೆ. ಹೇಳುವುದನ್ನು ನಾನು ಮುಂದಕ್ಕೆ ಹಾಕುತ್ತಲೇ ಹೋದೆ. ಗಾಡಿ ಓಡುತ್ತಿದೆ, ಮನುಷ್ಯ ನಗುತ್ತಿದ್ದಾನೆ, ಯಾಕೆ ಹೇಳಬೇಕು ಅನಿಸುತ್ತಿತ್ತು.

ಆಮೇಲೆ ಗೇರ್ ಬಾಕ್ಸ್ ಕೆಟ್ಟಿತು. ಒಂದು ದಿನ ಏರಿನಲ್ಲಿ ಇಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ನೂಕಿಸಿಕೊಂಡು ಮನೆಗೆ ಬಂದರು. ನಾನು ರಂಗೋಲಿ ಹಾಕುವ ಜಾಗದಲ್ಲಿ ಎಣ್ಣೆ ಸೋರಿ ಕೆಂಪು ಮಡುವಾಯಿತು. ಅಂಥ ಗಾಡಿಯ ಎಣ್ಣೆ ಕೆಂಪೇ ಇರುತ್ತದಂತೆ. ಅವರ ಡಿಪೊದ ಗೆಳೆಯ, ನೀವು ಚಾಚಾ ಎನ್ನುವವರು, ಹಳೇ ಹುಬ್ಬಳ್ಳಿಯಿಂದ ಸ್ಕೂಟರ್ ಮೇಲೆ ಬಂದರು. ಬೆರಳಲ್ಲಿ ಎಣ್ಣೆ ತೆಗೆದು ಮೂಸಿ, "ಸುಟ್ಟೈತಿ. ಈ ಡಬ್ಬಿ ಮುಗೀತೋ ದೋಸ್ತ. ಇದರ ಸಾಮಾನು ಹುಡುಕೂದ್ರಾಗ ನಾವಿಬ್ಬರೂ ಮುಗೀತೇವಿ. ಮಾರಿಬಿಡು, ಇಂಥಾದಽ ಇನ್ನೊಂದು ತಗೊ" ಎಂದರು.

ನಿಮ್ಮ ಅವ್ವನೂ ಫೋನಿನಲ್ಲಿ ಅದನ್ನೇ ಹೇಳಿದಳು. "ಅಪ್ಪಾ, ಬ್ಯಾರೆ ಆಟೊಮ್ಯಾಟಿಕ್ ನೋಡೂಣು. ನಾವು ಅದೇವಲ್ಲ."

"ಎದಕ್ಕ?" ಎಂದು ಫೋನ್ ಇಟ್ಟು ನಿಮ್ಮ ಅಜ್ಜ ಚಾಚಾನ ಕಡೆ ತಿರುಗಿದರು. "ಕ್ಲಚ್ಚಿಂದು ಸಾದಾ ಗೇರ್ ಬಾಕ್ಸ್ ನಾನಽ ಕೂಡಿಸ್ತೇನಿ, ಇಲ್ಲೇ ಅಂಗಳದಾಗ. ಈ ಕೆಲಸ ಮುಗಿಯೂದ್ರಾಗ ಕಾಲೂ ಬರ್ತೈತಿ. ಬೇಕಾದ್ರ ಇಕಿನ್ನ ಕೇಳು. ದಿನಾ ಒಂದೀಟು ಒಂದೀಟು ಸುಧಾರಸಾಕತ್ತೈತಿ."

ಚಾಚಾ ನನ್ನ ಮುಖ ನೋಡಿದರು. ನನ್ನ ಕೈಯಲ್ಲಿ ಚಹಾದ ತಾಟು ಇತ್ತು. ಆಗ ಒಂದು ಮಾತು ಆಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

"ಸಕ್ಕರಿ ಸಾಕಾತಿಲ್ರಿ ಅಣ್ಣಾರ?" ಎಂದು ಚಾಚಾನನ್ನು ಕೇಳಿದೆ.

ಕೆಲಸ ಶುರುವಾಯಿತು. ನುಗ್ಗಿ ಗಿಡದಿಂದ ಮನೆಯ ಕಂಬಕ್ಕೆ ತಾಡಪಾಲು ಕಟ್ಟಿದರು. ಇಂಥದೇ ಗಾಡಿಯೊಂದು ಎಲ್ಲೋ ಡಿಕ್ಕಿ ಹೊಡೆದು ಗುಜರಿಗೆ ಬಂದಿತ್ತು. ಅದರ ಸಾದಾ ಗೇರ್ ಬಾಕ್ಸನ್ನೂ ಕ್ಲಚ್ಚಿನ ಪೆಡಲನ್ನೂ ಗೇರಿನ ಕೋಲನ್ನೂ ಚಾಚಾ ಆಟೊದಲ್ಲಿ ಹಾಕಿಕೊಂಡು ಬಂದರು. ಹಳೆಯ ಡಬ್ಬಿಯನ್ನು ಸರಪಳಿ ಹಾಕಿ ಇಳಿಸಿ, ಹಳೇ ಟೈರಿನ ಮೇಲೆ ಕೂರಿಸಿ ಎಳೆದರು. ನಿಮ್ಮ ಅಜ್ಜ ಗೋಣಿಚೀಲದ ಮೇಲೆ ಮಲಗಿ ಗಾಡಿಯ ಕೆಳಗೆ ಸರಿದರೆ ಮತ್ತೆ ಊಟಕ್ಕೇ ಹೊರಗೆ ಬರುತ್ತಿದ್ದದ್ದು. ಏಳಲು ಆಗದಾಗ ನಾನು ಮತ್ತು ಚಾಚಾ ಕಂಕುಳಲ್ಲಿ ಕೈ ಹಾಕಿ ಎಬ್ಬಿಸುತ್ತಿದ್ದೆವು.

ನನಗೆ ಬೋಲ್ಟು ಬಿಚ್ಚುವ ಪಾನಾ ಕೊಡುವ ಕೆಲಸ. ಹತ್ತರದು, ಹದಿನಾಲ್ಕರದು, ಹದಿನೇಳರದು. ಎಂಟು ದಿನದಲ್ಲಿ ಅಂಕಿ ನೋಡದೆ ಕೈಯಲ್ಲಿ ಹಿಡಿದೇ ಗುರುತಿಸಲು ಕಲಿತೆ. ರೊಟ್ಟಿಯ ಹಿಟ್ಟು ನಾದುವ ನನ್ನ ದೊಡ್ಡ ಪರಾತವನ್ನು ಗೇರು ತೊಳೆಯಲು ಒಯ್ದು ಸೀಮೆಎಣ್ಣೆ ಸುರಿದರು. ನಾನು ಮುಖ ಸಣ್ಣದು ಮಾಡಿದ್ದಕ್ಕೆ, ನನ್ನನ್ನು ಅತ್ತಿಗೆ ಎಂದು ಬಗೆದಿದ್ದ ಚಾಚಾ, "ವೈನೀ, ಇನ್ನ ಮ್ಯಾಲ ನಿಮ್ಮ ರೊಟ್ಟಿಗೂ ಐದು ಗೇರು, ಒಂದು ರಿವರ್ಸ್" ಎಂದು ನಗಿಸಿದರು.

ಹೊಸ ಕ್ಲಚ್ ಪ್ಲೇಟನ್ನು ನಿಮ್ಮ ಅಜ್ಜ ನನ್ನ ಕೈಗೆ ಕೊಟ್ಟು ನೋಡು ಅಂದರು. ಅಂಚು ಒರಟಾದ, ನಡುವೆ ತೂತಿದ್ದ ದುಂಡನೆಯ ಬಿಲ್ಲೆ. "ಇಂಜಿನ್ ಸುಮ್ನ ಕುಂಡ್ರೂದಿಲ್ಲ, ತಿರಗತಽ ಇರ್ತೈತಿ. ಗಾಲಿ ನಿಂತಿರ್ತಾವ. ಇಬ್ಬರ ನಡುವ ಇದು. ಪೆಡಲ್ ಒತ್ತಿದ್ರ ಕೈ ಬಿಡತೈತಿ, ಪೆಡಲ್ ಬಿಟ್ರ ಕೈ ಹಿಡೀತೈತಿ. ತಿಳೀತಿಲ್ಲ?" ಎಂದರು. ಮದುವೆಯಾಗಿ ಅಷ್ಟು ವರ್ಷದಲ್ಲಿ ಅವರು ತಮ್ಮ ಕೆಲಸದ ಬಗ್ಗೆ ನನಗೆ ಏನಾದರೂ ತಿಳಿಸಿ ಹೇಳಿದ್ದು ಅದೇ ಮೊದಲು. ನಾನು ಸಂತೋಷಪಟ್ಟೆ. ಅದನ್ನೂ ಬರೆಯಬೇಕು.

ಸಂಜೆ ಗೋಡೆಗೆ ಒಂದು ಇಟ್ಟಿಗೆ ಆನಿಸಿಟ್ಟು ಎಡಗಾಲಿನಿಂದ ಒತ್ತುವ ಅಭ್ಯಾಸ ಮಾಡುತ್ತಿದ್ದರು. ಹಣೆಯಲ್ಲಿ ಬೆವರು ಬರುತ್ತಿತ್ತು. "ನಿನ್ನೆಕಿಂತ ಜಾಸ್ತಿ ಅಲ್ಲೇನು?" ಅನ್ನುವರು. ನಾನು ಹೌದ್ರಿ ಅನ್ನುವೆ. ಆಮೇಲೆ ಒಳಗೆ ಹೋಗಿ ನೀರಿನ ನಳ ಬಿಟ್ಟು ಪಾತ್ರೆ ತಿಕ್ಕುವೆ.

ಎಲ್ಲ ಕೂಡಿಸಿದ ದಿನ ಕೀಲಿ ತಿರುಗಿಸಿದರೆ ಗಾಡಿ ತುಟಿ ಪಿಟಕ್ ಅನ್ನಲಿಲ್ಲ. ಚಾಚಾ ಬ್ಯಾಟರಿ ಅಂದರು. ನಿಮ್ಮ ಅಜ್ಜ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತರು, ಆಮೇಲೆ ಸ್ಟಿಯರಿಂಗ್ ತಟ್ಟಿ ನಕ್ಕರು. "ಇದು ಇನ್ನೂ ಆಟೊಮ್ಯಾಟಿಕ್ ಅನಕೊಂಡೈತೋ! ಹಳೇ ಗೇರು ಪಾರ್ಕಿನ್ಯಾಗ, ಅಂದ್ರ ನಿಲ್ಲಿಸೂ ಜಾಗಾದಾಗ, ಐತೋ ಇಲ್ಲೋ ಅಂತ ಹುಡುಕಾಕತ್ತೈತಿ. ಅದು ಸಿಗೂತನಕ ಸ್ಟಾರ್ಟ್ ಆಗಂಗಿಲ್ಲ." ಬಾನೆಟ್ಟಿನ ಕೆಳಗೆ ಎರಡು ತಂತಿ ಹುಡುಕಿ ಕೂಡಿಸಿದರು. ಇಂಜಿನ್ ಹತ್ತಿತು. ಚಾಚಾ ಅಂಗಳದಲ್ಲೇ ಒಂದು ಸುತ್ತು ಕುಣಿದರು.

"ಹೂಂ, ಒತ್ತಪಾ" ಎಂದರು ಚಾಚಾ.

ನಿಮ್ಮ ಅಜ್ಜ ಎರಡೂ ಕೈಯಿಂದ ಎಡಗಾಲನ್ನು ಎತ್ತಿ ಕ್ಲಚ್ಚಿನ ಮೇಲೆ ಇಟ್ಟರು. ಒತ್ತಿದರು. ಕಾಲು ನಡುಗಿತು. ಪೆಡಲು ಇದ್ದಲ್ಲೇ ಇತ್ತು. ತೊಡೆಯ ಮೇಲೆ ಮುಂಗೈ ಊರಿ ಒತ್ತಿದರು. ಕೋಲು ತರಿಸಿ ಅದರ ತುದಿಯಿಂದ ಒತ್ತಿದರು, ಕೋಲು ಜಾರಿ ತಳಕ್ಕೆ ಬಡಿಯಿತು. ಇಂಜಿನ್ ತಿರುಗುತ್ತಲೇ ಇತ್ತು. ಚಾಚಾ ಬೇರೆ ಕಡೆ ನೋಡುತ್ತಾ ನಿಂತರು.

"ಕ್ಲಚ್ಚಿನ ಪ್ರೆಷರ್ ಪ್ಲೇಟ್ ಬಿರುಸಾಗೈತಿ" ಎಂದರು ನಿಮ್ಮ ಅಜ್ಜ. "ಹೊಳ್ಳಿ ಇಳಸೂಣು. ಮೆತ್ತಂದು ಹಾಕೂಣು."

ಹೊಸ ಪ್ಲೇಟು ಬಂತು. ಮತ್ತೆ ಗೋಣಿಚೀಲ, ಮತ್ತೆ ಆ ಬೆನ್ನು ನೆಲಕ್ಕೆ. ಅಂದು ಶುಕ್ರವಾರ, ಚಾಚಾ ನಮಾಜಿಗೆ ಹೋಗಿದ್ದರು. ನಿಮ್ಮ ಅಜ್ಜ ಗಾಡಿಯ ಕೆಳಗಿದ್ದರು. ಹೊರಗೆ ಕಾಣುತ್ತಿದ್ದದ್ದು ಮೊಣಕಾಲಿನಿಂದ ಕೆಳಗಿನ ಎರಡು ಕಾಲು ಮಾತ್ರ. ಬಲಗಾಲು ಅವರು ಬಿಗಿ ಹಿಡಿದು ತಿರುಗಿಸಿದಾಗಲೆಲ್ಲ ನೆಲ ಒದೆಯುತ್ತಿತ್ತು. ಎಡಗಾಲು ಹೊರಳಿ ಬಿದ್ದಿತ್ತು, ಅದರ ಮೇಲೆ ಇರುವೆ ಹರಿಯುತ್ತಿದ್ದರೂ ಅವರಿಗೆ ಗೊತ್ತಾಗಿರಲಿಲ್ಲ. ನಾನು ಇರುವೆಯನ್ನು ಸೆರಗಿನಿಂದ ಕೊಡವಿದೆ. ಮುಖ ಕಾಣುತ್ತಿರಲಿಲ್ಲವಾದ್ದರಿಂದ ನನಗೆ ಬಾಯಿ ಬಂತು.

"ರೀ" ಅಂದೆ. "ಕಾಲು ಬರಂಗಿಲ್ಲಂತ್ರಿ."

ಪಾನಾದ ಸಪ್ಪಳ ನಿಂತಿತು.

"ಯಾರು ಹೇಳಿದ್ರು?"

"ಡಾಕ್ಟರು."

"ಯಾವಾಗ?"

"ಆಪರೇಷನ್ ಆಗಿ ಒಂಬತ್ತು ದಿನಕ್ಕ."

ರಸ್ತೆಯಲ್ಲಿ ತರಕಾರಿ ಗಾಡಿಯವನು ಕೂಗುತ್ತಾ ಹೋದ.

"ಹೆಬ್ಬೆರಳ ಅಲುಗಾಡಿತು ಅಂದಿದ್ದಿ."

ಗಾಡಿಯ ಕೆಳಗಿನಿಂದ ಕಪ್ಪಾದ ಅಂಗೈ ಹೊರಗೆ ಬಂತು. "ಹದಿನೇಳರ ಪಾನಾ ಕೊಡು" ಎಂದರು. ಕೊಟ್ಟೆ.

ಚಾಚಾ ತಿರುಗಿ ಬಂದಾಗ ಅವರು ಬಿಚ್ಚಿದ್ದ ಬೋಲ್ಟುಗಳನ್ನೇ ಮತ್ತೆ ಬಿಗಿಯುತ್ತಿದ್ದರು. "ಯಾಕಪಾ, ಹೊಳ್ಳಿ ಬಿಗಿಯಾಕತ್ತೀಯಲ್ಲ?" ಎಂದು ಕೇಳಿದ್ದಕ್ಕೆ, "ಪ್ಲೇಟ್ ಛಲೋ ಐತಿ. ದೋಷ ಅದರದಲ್ಲ" ಎಂದರು.

ಅಂದಿನಿಂದ ಹತ್ತೊಂಬತ್ತು ದಿನ ನನ್ನ ಜೊತೆ ಮಾತಾಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಡಿಸಿದ್ದನ್ನು ಉಣ್ಣುತ್ತಿದ್ದರು, ಉಪ್ಪು ಕಡಿಮೆಯಾದರೂ ಕೇಳುತ್ತಿರಲಿಲ್ಲ. ಸಂಜೆ ಇಟ್ಟಿಗೆಯ ಅಭ್ಯಾಸ ನಿಂತಿತು. ಇಟ್ಟಿಗೆಯನ್ನು ಯಾವಾಗ ಎಲ್ಲಿ ಎಸೆದರೋ ನೋಡಲಿಲ್ಲ. ಚಾಚಾ ಬಂದಾಗ ಮಾತ್ರ, "ಚಾ ಆತೇನು, ಕೇಳ ನಿನ್ನ ವೈನೀನ್ನ" ಅನ್ನುವರು. ಚಾಚಾ ರೇಗಿ, "ನಾ ಏನ್ ಟೆಲಿಫೋನ್ ಏನೋ? ಎದುರಿಗೇ ನಿಂತಾರ, ಕೇಳು" ಅನ್ನುವರು. ಆಗಲೂ ಕೇಳುತ್ತಿರಲಿಲ್ಲ.

ಹದಿನೆಂಟನೆಯ ದಿನ ಚಾಚಾನ ಸ್ಕೂಟರಿನ ಮೇಲೆ ಒಂದು ಕಬ್ಬಿಣದ ಸಾಮಾನು ಬಂತು. ಡ್ರೈವಿಂಗ್ ಸ್ಕೂಲಿನ ಗಾಡಿಗಳಲ್ಲಿ ಕಲಿಸುವವನು ಎಡಗಡೆ ಕೂರುತ್ತಾನಲ್ಲ, ಅವನ ಕಾಲಿಗೂ ಒಂದು ಕ್ಲಚ್ಚು ಇಟ್ಟಿರುತ್ತಾರೆ. ಆ ಪೆಡಲು ಅದು. ಈ ಪೆಡಲಿನಿಂದ ಆ ಪೆಡಲಿಗೆ ಒಂದು ಸರಳು ಇರುತ್ತದೆ. ಒಂದನ್ನು ಒತ್ತಿದರೆ ಎರಡೂ ಕೆಳಗೆ ಹೋಗುತ್ತವೆ. ಎರಡು ದಿನ ಅಳತೆ ನೋಡಿ, ಕೊರೆದು, ಕೂಡಿಸಿದರು. ಯಾಕೆ ಎಂದು ಯಾರೂ ನನಗೆ ಹೇಳಲಿಲ್ಲ. ಮೂರನೆಯ ದಿನ ಸಂಜೆ ನಾನು ಅಕ್ಕಿ ಆರಿಸುತ್ತಾ ಕೂತಿದ್ದೆ. ಬಾಗಿಲಲ್ಲಿ ಬಂದು ನಿಂತರು.

"ಚಪ್ಪಲಿ ಹಾಕ್ಕೊಬ್ಯಾಡ. ಬಾ."

ನಾನು ಎಂದಿನಂತೆ ಹಿಂದಿನ ಬಾಗಿಲು ತೆಗೆದೆ. ನಮ್ಮ ಕಡೆ ನನ್ನ ವಾರಗೆಯ ಹೆಂಗಸರು ಗಂಡನ ಪಕ್ಕ ಮುಂದೆ ಕೂರುತ್ತಿರಲಿಲ್ಲ. ಮುಂದಿನ ಸೀಟು ಗಂಡಸರಿಗೆ, ಅಳಿಯನಿಗೆ, ಬೀಗರಿಗೆ. ಆ ಗಾಡಿ ಮನೆಗೆ ಬಂದಾಗಿನಿಂದ ನಾನು ಹಿಂದೆಯೇ ಕೂತವಳು.

"ಮುಂದ" ಎಂದರು.

ಕೂತೆ. ಸೀರೆಯ ನಿರಿಗೆ ಹಿಡಿದುಕೊಂಡು ಬರಿಗಾಲನ್ನು ಆ ಕಬ್ಬಿಣದ ಮೇಲೆ ಇಟ್ಟೆ. ತಣ್ಣಗಿತ್ತು. ಎದುರು ಮನೆಯ ಮಾಳಿಗೆಯಲ್ಲಿ ಅರಿವೆ ಒಣಹಾಕುತ್ತಿದ್ದವರು, "ಓಹೋ, ಸವಾರಿ ಎಲ್ಲಿಗ್ರಿ?" ಎಂದು ಕೂಗಿದರು. ನಾಚಿಕೆಯಿಂದ ನಾನು ತಲೆ ಎತ್ತಲಿಲ್ಲ. ನಿಮ್ಮ ಅಜ್ಜ, "ಗಾಡಿಗೆ ಹೊಸಾ ಪಾರ್ಟ್ ಕೂಡಿಸೇನ್ರಿ. ಹೆಂಗ ನಡೀತೈತಿ ನೋಡಾಕ ಹೊಂಟೇವಿ!" ಎಂದು ತಿರುಗಿ ಕೂಗಿದರು.

ಚಾಚಾ ಮೊದಲೇ ಎಚ್ಚರಿಕೆ ಕೊಟ್ಟಿದ್ದರು. "ದೊಡ್ಡ ರಸ್ತಾಕ್ಕ ಹೋದ್ರ ನಾನಽ ಪೊಲೀಸರಿಗೆ ಹೇಳ್ತೇನಿ ನೋಡು. ಇಬ್ಬರು ಸೇರಿ ಒಬ್ಬ ಡ್ರೈವರ್ ಅಂತ ಯಾವ ಲೈಸೆನ್ಸಿನ್ಯಾಗೂ ಬರದಿಲ್ಲ." ಅದಕ್ಕೆ ನಾವು ಹೋದದ್ದು ನವನಗರದ ಹೊರಗೆ ಸೈಟು ಮಾಡಿ ಹಾಗೇ ಬಿಟ್ಟಿದ್ದ ಲೇಔಟಿಗೆ. ಡಾಂಬರು ಇತ್ತು, ಮನೆಗಳಿರಲಿಲ್ಲ. ಅಲ್ಲಿಯವರೆಗೆ ನಿಮ್ಮ ಅಜ್ಜನನ್ನು ಹಿಂದೆ ಕೂರಿಸಿ ಚಾಚಾ ನಡೆಸಿಕೊಂಡು ಬಂದು, ಇಳಿದು, ಅವರಿಗೆ ಸೀಟು ಬಿಟ್ಟುಕೊಟ್ಟು ಒಂದು ಕಲ್ಲಿನ ಮೇಲೆ ಕೂತರು.

"ಒತ್ತು ಅಂದ್ರ ಒತ್ತು. ಬಿಡು ಅಂದ್ರ ಸಾವಕಾಶ ಬಿಡು. ಹಾಲಿನ ಗಿಂಡಿ ಇಳಸಿದಂಗ" ಎಂದರು ನಿಮ್ಮ ಅಜ್ಜ.

ನಾನು ಹಾಗೆ ಬಿಡಲಿಲ್ಲ. ಗಾಡಿ ಮುಗ್ಗರಿಸಿ ಬಂದ್ ಬಿತ್ತು. ಎರಡನೆಯ ಸಲವೂ. ಏಳನೆಯ ಸಲವೂ. "ಡಿಪೊದಾಗ ನಿನ್ನಂಥಾ ಒಬ್ಬ ಡ್ರೈವರ್ ಇದ್ದಿದ್ರ ನನ್ನ ಬೆನ್ನು ಹತ್ತು ವರ್ಷ ಮೊದಲಽ ಹೋಗ್ತಿತ್ತು" ಎಂದರು. ಹತ್ತೊಂಬತ್ತು ದಿನ ಆದ ಮೇಲೆ ಸಿಕ್ಕ ಬೈಗುಳ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಅವರು ನೋಡಲಿಲ್ಲವೋ, ನೋಡಿ ಸುಮ್ಮನಾದರೋ. "ಒತ್ತು" ಎಂದರು.

ಆ ಸಂಜೆ ಕತ್ತಲಾಗುವ ಮೊದಲು ಗಾಡಿ ಹೊರಟಿತು. ಒಂದನೆಯ ಗೇರಿನಿಂದ ಎರಡಕ್ಕೆ ಹೋಯಿತು. ಅವರು ತಮ್ಮ ಎಡಗಾಲನ್ನು ಕೈಯಿಂದ ಎತ್ತಿ ತಮ್ಮ ಕಡೆಯ ಕ್ಲಚ್ಚಿನ ಮೇಲೆ ಇಟ್ಟುಕೊಂಡಿದ್ದರು. ನಾನು ಒತ್ತಿದಾಗ ಆ ಪೆಡಲೂ ಕೆಳಗೆ ಹೋಗುತ್ತಿತ್ತು, ಅದರ ಜೊತೆ ಅವರ ಪಾದವೂ ಹೋಗುತ್ತಿತ್ತು. ನೋಡಿದವರಿಗೆ ಅವರೇ ಒತ್ತಿದಂತೆ ಕಾಣಬೇಕು. ಅವರು ರಸ್ತೆಯಿಂದ ಕಣ್ಣು ತೆಗೆದು ಒಮ್ಮೆ ಆ ಪಾದದ ಕಡೆ ನೋಡಿದರು.

ಒಂದು ವರ್ಷಕ್ಕೆ ತುಸು ಕಡಿಮೆ ಕಾಲ, ಮಳೆ ಇಲ್ಲದ ಸಂಜೆಗಳಲ್ಲೆಲ್ಲ ಹೀಗೆಯೇ ಚಾಚಾನ ಜೊತೆ ಹೋದೆವು. ಆ ಲೇಔಟಿನ ನಾಲ್ಕು ರಸ್ತೆ ಬಿಟ್ಟು ಎಲ್ಲಿಗೂ ಅಲ್ಲ. ಸ್ವಲ್ಪ ದಿನಕ್ಕೆ ಅವರು ಒತ್ತು, ಬಿಡು ಎನ್ನುವುದು ನಿಂತಿತು. ಇಂಜಿನ್ನಿನ ಸದ್ದು ಕೇಳಿ ನನ್ನ ಕಾಲು ತಾನೇ ಒತ್ತುತ್ತಿತ್ತು, ಅವರ ಕೈ ಗೇರಿನ ಮೇಲೆ ಬರುತ್ತಿತ್ತು. ಆಮೇಲೆ ಬೇಸಿಗೆಯ ಒಂದು ಮಧ್ಯಾಹ್ನ ಉಂಡು ಕುರ್ಚಿಯಲ್ಲಿ ಕೂತವರು ಎದೆ ಹಿಡಿದುಕೊಂಡರು. ಪಕ್ಕದ ಮನೆಯವರು ಆಂಬುಲೆನ್ಸ್ ಕರೆಸುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ಕಾರ್ಯವೆಲ್ಲ ಮುಗಿದ ಮೇಲೆ ನಿಮ್ಮ ಅವ್ವ ಒಂದು ದಿನ ಗಾಡಿ ಒರೆಸುತ್ತಾ, "ಅಪ್ಪಂದು ಏನ್ ಹಟ ಅವ್ವಾ. ಕಾಲು ಬರಂಗಿಲ್ಲ ಅಂತ ಗೊತ್ತಿದ್ದೂ ಕ್ಲಚ್ಚಿನ ಗಾಡಿ ಮಾಡಿಕೊಂಡ ನೋಡು" ಅಂದಳು. ನಾನು ಆಸ್ಪತ್ರೆಯಲ್ಲೇ ಹೇಳಿದ್ದೇನೆ ಎಂದು ಅವಳು ಅಷ್ಟು ದಿನ ತಿಳಿದಿದ್ದಳು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ.

ಅವಳು ಕೈಯಲ್ಲಿನ ಅರಿವೆ ಹಿಂಡಿದಳು. "ಆವಾಗಽ ಅವನಿಗೆ ಗೊತ್ತಾಗಿದ್ರ ಬ್ಯಾರೆ ಆಟೊಮ್ಯಾಟಿಕ್ ತಗೋತಿದ್ದ. ನಾವೂ ಕೊಡಸ್ತಿದ್ವಿ. ಹೆಬ್ಬಳ್ಳಿಗೆ, ಧಾರವಾಡಕ್ಕ ಒಬ್ಬನಽ ಹೋಗ್ತಿದ್ದ, ಬರ್ತಿದ್ದ" ಎಂದಳು. ಬೈಯಲಿಲ್ಲ. ಬಕೆಟ್ ಎತ್ತಿಕೊಂಡು ಒಳಗೆ ಹೋದಳು.

ಅವಳು ಹೇಳಿದ್ದು ಖರೇ. ಕೈಯಾರೆ ಕೂಡಿಸಿದ ಗಾಡಿ ಮಾರಿ ಮತ್ತೊಂದನ್ನು ಮಗಳಿಂದ ಕೇಳುವ ಮನುಷ್ಯ ಅವರಲ್ಲ, ಊರೂರಿಗೆ ಚಾಚಾನಿಂದ ನಡೆಸಿಸಿಕೊಳ್ಳುವವರೂ ಅಲ್ಲ. ಗಾಡಿ ಅಂಗಳದಲ್ಲಿ ನಿಂತಿದ್ದರೂ ನಿಮ್ಮ ಅಜ್ಜ ಆಮೇಲೆ ಅಕ್ಕನನ್ನು ನೋಡಲು ಬಸ್ಸಿನಲ್ಲಿ ಹೋದರು. ತಾವೇ ರಿಪೇರಿ ಮಾಡಿದ್ದ ಬಸ್ಸುಗಳಿಗೆ ಅವರನ್ನು ಕಂಡಕ್ಟರು ರಟ್ಟೆ ಹಿಡಿದು ಹತ್ತಿಸಬೇಕಾಗುತ್ತಿತ್ತು. ಎರಡು ಸಲ ಹೋದರು, ಆಮೇಲೆ ಹೋಗಲಿಲ್ಲ. ನನ್ನ ಒಂದು ಹೌದ್ರಿ ಅವರಿಂದ ತೆಗೆದುಕೊಂಡದ್ದು ಇದು.

ಇನ್ನೊಂದನ್ನೂ ನಿಮಗೆ ಮುಚ್ಚಿಡುವುದಿಲ್ಲ. ಅವರಿಗೆ ಎಲ್ಲ ರಸ್ತೆಗಳೂ ಮುಚ್ಚಿ ನಾಲ್ಕೇ ಉಳಿದ ಆ ಸಂಜೆಗಳು, ನನ್ನ ಸಂಸಾರದಲ್ಲಿ ನಾನು ಬಹಳ ಸುಖವಾಗಿದ್ದ ಸಂಜೆಗಳು. ಅವರಿಗೆ ನಾನು ಬೇಕಾಗಿದ್ದೆ. ಅವರು ನನ್ನನ್ನು ಕ್ಷಮಿಸಿ ಮುಂದೆ ಕೂರಿಸಿಕೊಂಡರೋ, ಕ್ಲಚ್ಚಿಗೆ ಬೇರೆ ಕಾಲು ಸಿಗದೆ ಕೂರಿಸಿಕೊಂಡರೋ ನನಗೆ ಗೊತ್ತಿಲ್ಲ. ಕೇಳಬಹುದಿತ್ತು. ನಮ್ಮಿಬ್ಬರ ನಡುವೆ ಗೇರಿನ ಕೋಲೊಂದೇ ಇತ್ತು. ತಿರುವು ಬರುವಾಗ ಇವತ್ತು ಕೇಳುತ್ತೇನೆ ಅಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಇಂಜಿನ್ನಿನ ಸದ್ದು ಇಳಿಯುತ್ತಿತ್ತು, ಅವರ ಕೈ ಗೇರಿಗೆ ಬರುತ್ತಿತ್ತು, ನಾನು ಒತ್ತುತ್ತಿದ್ದೆ.